ಗಡಿಯಾರಕ್ಕೆ ಇಟ್ಟ ಕುಂಕುಮ

ಬಸವೇಶ್ವರನಗರ
26-11-2007

ಶಿವಯೋಗಿ ಎನ್ನುವವನಿಗೆ,

ಕಾಗದ ಬರೆಯುವಾಗ ಮೊದಲು ಕ್ಷೇಮ ಕೇಳಬೇಕೆಂದು ಸಾಣೇಗುರುವನಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ನಾಲ್ಕನೇ ಕ್ಲಾಸಿಗೇ ಬಿಡಿಸಿದರು, ಆದರೂ ಅದು ನೆನಪಿದೆ. ಇವತ್ತು ಆ ಪಾಠ ಪಕ್ಕಕ್ಕಿಟ್ಟಿದ್ದೇನೆ. ನಿನ್ನ ಕ್ಷೇಮ ನನಗೆ ಬೇಕಾಗಿಲ್ಲ.

ನಾನು ಪಾಪಮ್ಮ. ಇಂಟರ್‌ನೆಟ್ಟಿನಲ್ಲಿ ಹಳೆಯ ಕೈಗಡಿಯಾರ ಮಾರುತ್ತಾನಲ್ಲ ಮೋಹನ್ ಕುಮಾರ, ನಿನಗೆ ಬಿಳಿ ಮುಖದ ಎಚ್.ಎಂ.ಟಿ. ಕಳಿಸಿದವನು, ಅವನ ಅಜ್ಜಿ. ನೀನು ಹಿಂದಕ್ಕೆ ಕಳಿಸಿದ ಪಾರ್ಸೆಲ್ಲಿನ ಮೇಲೆ ನಿನ್ನ ವಿಳಾಸವಿತ್ತು. ಫೋನು ನಡುಮನೆಯಲ್ಲಿದೆ. ಅಲ್ಲಿ ನಿಂತು ನಿನ್ನನ್ನು ಬೈದರೆ ಮೇಲಿನ ಪೋರ್ಷನ್ನಿನ ಬಾಡಿಗೆಯವರೂ ಕಿವಿ ಕೊಡುತ್ತಾರೆ. ಅದಕ್ಕೇ ಕಾಗದ.

ಆ ಗಡಿಯಾರ ಬಿನ್ನಿಪೇಟೆಯ ಅಂಜಿನಯ್ಯನವರದು. ಮಿಲ್ಲಿನ ಕೆಲಸಕ್ಕೆ ಹೋದಷ್ಟು ಕಾಲವೂ ಕಟ್ಟಿಕೊಂಡು, ಮಗುವಿನ ಹಾಗೆ ನೋಡಿಕೊಂಡಿದ್ದರು. ಮೋಹನ ಅವರ ಮನೆ ಬಾಗಿಲಿಗೆ ಅಲೆದು ಅಲೆದು ತಂದ. ನಾನೇ ಕೇಳಿದ್ದೆ, “ಲೋ, ಅಂಗಡೀಲಿ ಹೊಸಾ ವಾಚು ಸಿಗಲ್ವೇನೋ? ಮುದುಕರು ಬಿಚ್ಚಿಟ್ಟಿದ್ದಕ್ಕೆ ಜನ ಯಾಕೋ ಮೇಲೆ ಬಿದ್ದು ಬರ್ತಾರೆ?” ಅಂತ. “ಇದರ ಡಯಲ್ ಫ್ಯಾಕ್ಟ್ರೀಲಿ ಕೂರಿಸಿದ್ದು ಕಣಜ್ಜಿ, ಆಮೇಲೆ ಯಾರೂ ಮುಟ್ಟಿಲ್ಲ. ಬೆಲೆ ಇರೋದೇ ಅದಕ್ಕೆ” ಎಂದ.

ಅಂಥ ಮುಖಕ್ಕೆ ನೀನು ಕಲೆ ಮಾಡಿ, ಬಂದಾಗಲೇ ಹೀಗಿತ್ತು ಎಂದು ಆ ವೆಬ್‌ಸೈಟಿನವರಿಗೆ ದೂರು ಕೊಟ್ಟೆ. ಮೋಹನ ಎಷ್ಟು ಬಡಿದುಕೊಂಡ! ಮಾರಾಟಕ್ಕೆ ಹಾಕುವಾಗ ತೆಗೆದ ಫೋಟೋ ತೋರಿಸಿದ. ಅದರಲ್ಲಿ ಮುಖ ಹಾಲಿನ ಹಾಗಿದೆ. ಆದರೂ ಅವರು ನಿನ್ನ ಮಾತನ್ನೇ ನಂಬಿ ಹಣ ವಾಪಸ್ಸು ಕೊಡಿಸಿದರು. ಕೆಟ್ಟ ಗಡಿಯಾರ ನಮ್ಮ ಮನೆಗೆ ಬಂತು.

ನಮ್ಮ ಮನೆಯಿಂದ ಅದು ಹೇಗೆ ಹೊರಟಿತ್ತು ಗೊತ್ತೇನಯ್ಯ? ಆಯುಧಪೂಜೆಯ ದಿನ ಮೋಹನ ಗಡಿಯಾರಗಳ ಡಬ್ಬ ಮುಚ್ಚಿ, ಡಬ್ಬದ ಮೇಲೊಂದು ಹೂವಿಟ್ಟು, “ಅಜ್ಜಿ, ಇದನ್ನ ಮುಟ್ಬೇಡ” ಎಂದು ಹೇಳಿ ಬೈಕು ತೊಳೆಯಲು ಹೋದ. ಅನ್ನ ಹಾಕುವ ವಸ್ತುವನ್ನು ಬಿಟ್ಟು ಡಬ್ಬಕ್ಕೆ ಪೂಜೆ ಮಾಡುವುದು ಯಾವೂರ ಶಾಸ್ತ್ರ? ಈಳಿಗೆಮಣೆಗೆ ಬೊಟ್ಟಿಡುತ್ತೇವೆ, ಒರಳಿಗೆ ಇಡುತ್ತೇವೆ, ಆ ಬೈಕಿಗೂ ಇಡುತ್ತೇವೆ. ನಾನೇ ಡಬ್ಬ ತೆಗೆದು, ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಕುಂಕುಮ ಕಲಸಿ ನೆತ್ತಿಗೆ ಬೊಟ್ಟಿಟ್ಟು, ಆರತಿ ಎತ್ತಿ, ಅವನು ಬರುವಷ್ಟರಲ್ಲಿ ಸೆರಗಿನಿಂದ ಒರೆಸಿ ಒಳಗಿಟ್ಟೆ. ದೇವರ ಮುಂದೆ ಕೂತೆದ್ದ ಗಡಿಯಾರ ಅದು. ಅದನ್ನು ಕೆಡಿಸಿದ ಕೈಗೆ ಒಳ್ಳೆಯದಾಗುತ್ತದೆ ಎಂದುಕೊಂಡಿದ್ದರೆ ನಿನ್ನಂಥ ಬೆಪ್ಪ ಇನ್ನೊಬ್ಬನಿಲ್ಲ.

ಉತ್ತರ ಬರೆಯುವ ಮುಖವಿದ್ದರೆ ಬರೆ.

ಆಶೀರ್ವಾದ ಮಾಡಲು ಮನಸ್ಸು ಬಾರದ,
ಪಾಪಮ್ಮ


ಕೆಂಗೇರಿ ಉಪನಗರ
4-12-2007

ಪಾಪಮ್ಮಜ್ಜಿಯವರಿಗೆ ಶರಣು ಶರಣಾರ್ಥಿ.

ನಿಮ್ಮ ಪತ್ರವನ್ನು ಅವ್ವನ ಮುಂದೆ ಓದಿದೆ. ನಮ್ಮ ಅವ್ವ ಕಸ್ತೂರೆವ್ವ ಎಲ್ಲ ಕೇಳಿ, “ಬೈದ್ರ ಹಿಂಗ ಬೈಬೇಕು ನೋಡು. ಹಿಂದೊಂದು ಮುಂದೊಂದು ಇಲ್ಲ ಆ ಹೆಣಮಗಳಿಗೆ” ಎಂದಳು. ಆದ್ದರಿಂದ ನಾನೂ ನೇರವಾಗಿಯೇ ಬರೆಯುತ್ತೇನೆ.

ನಾವು ಬಾಗಲಕೋಟೆ ಕಡೆಯವರು. ನಾನು ಇಲ್ಲಿ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತೇನೆ. ಮಿಕ್ಕ ಹೊತ್ತಿನಲ್ಲಿ ಹಳೆಯ ಗಡಿಯಾರ ಕೊಳ್ಳುವುದು, ಮಾರುವುದು, ನಿಮ್ಮ ಮೊಮ್ಮಗನ ಹಾಗೆಯೇ. ಆ ವೆಬ್‌ಸೈಟಿನಲ್ಲಿ ಒಂದೊಂದು ವ್ಯವಹಾರ ಮುಗಿದ ಮೇಲೂ ಎದುರಿನವರು ನಮ್ಮ ಬಗ್ಗೆ ಒಂದು ಸಾಲು ಬರೆಯುತ್ತಾರೆ. ನಮ್ಮ ಮುಖ ನೋಡದವರು ಆ ಸಾಲುಗಳನ್ನು ನೋಡಿಯೇ ನಮ್ಮನ್ನು ನಂಬಬೇಕು. ಮೂರು ವರ್ಷದಲ್ಲಿ ನನ್ನ ಹೆಸರಿಗೆ ಒಂದು ಕೆಟ್ಟ ಸಾಲು ಇರಲಿಲ್ಲ. ಈಗ ಎಲ್ಲಕ್ಕಿಂತ ಮೇಲೆ ಮೋಹನ್ ಅವರದು ಕೆಂಪು ಗುರುತಿನೊಂದಿಗೆ ಕೂತಿದೆ: “ಮೋಸಗಾರ. ಒಳ್ಳೆಯ ವಾಚು ತರಿಸಿ, ಕೆಡಿಸಿ, ವಾಪಸ್ ಕಳಿಸುತ್ತಾನೆ. ಹುಷಾರ್.”

ಪುಣೆಯಲ್ಲಿ ದೊಡ್ಡ ಸಂಗ್ರಹವಿರುವ ಒಬ್ಬರು, ಕರ್ನಾಟಕದ ಕಡೆ ಸಿಗುವ ಗಡಿಯಾರಗಳನ್ನೆಲ್ಲ ನನ್ನ ಮೂಲಕವೇ ಕೊಳ್ಳುವುದೆಂದು ಮಾತಾಗಿತ್ತು. ಅದು ಕೂಡಿಬಂದರೆ ಸ್ಟುಡಿಯೋ ಕೆಲಸ ಬಿಡುವವನಿದ್ದೆ. ಈ ಸಾಲು ಬಿದ್ದ ಮೇಲೆ ಅವರು ಫೋನು ಎತ್ತುತ್ತಿಲ್ಲ.

ಈಗ ಕಲೆಯ ಮಾತು. ಹನ್ನೆರಡರ ಪಕ್ಕದಲ್ಲಿ, ಗಾಜಿನ ಒಳಗೆ, ಕೆಂಪಗೆ ಒಂದು ಕಲೆ. ತುಕ್ಕಲ್ಲ, ತುಕ್ಕಿನ ಬಣ್ಣ ನಾನು ಬಲ್ಲೆ. ಪೆಟ್ಟಿಗೆ ತೆಗೆದ ಕೂಡಲೇ ಕಂಡಿತು. ಅದು ಏನೆಂದು ತಿಳಿಯದೆ ತಲೆ ಕೆಡಿಸಿಕೊಂಡಿದ್ದೆ. ನಿಮ್ಮ ಪತ್ರದಲ್ಲಿ ನೀವು ಒದ್ದೆ ಬಟ್ಟೆ ಎಂದಿದ್ದೀರಿ, ಕುಂಕುಮ ಕಲಸಿ ನೆತ್ತಿಗೆ ಇಟ್ಟೆ ಎಂದಿದ್ದೀರಿ. ಅಷ್ಟು ಹಳೆಯ ಗಡಿಯಾರದ ಗಾಜಿನ ಅಂಚು ನೀರು ತಡೆಯುವುದಿಲ್ಲ, ಅಜ್ಜಿ. ಹಬ್ಬವಾಗಿ ಪಾರ್ಸೆಲ್ಲು ನನ್ನ ಕೈಸೇರುವ ನಾಲ್ಕು ದಿನದಲ್ಲಿ ಒಳಗಿಳಿದಿರಬೇಕು. ಫೋಟೋ ಅದಕ್ಕೂ ಮುಂಚಿನದಲ್ಲವೇ?

ಹಣ ಬಂದಿದೆ, ಬೇರೇನೂ ಕೇಳುವುದಿಲ್ಲ. ಮೋಹನ್ ಅವರಿಗೆ ಹೇಳಿ ಆ ಒಂದು ಸಾಲು ತೆಗೆಸಿಕೊಡಿರಿ.

ನಿಮ್ಮ ಉತ್ತರದ ದಾರಿ ಕಾಯುವ,
ಶಿವಯೋಗಿ


ಬಸವೇಶ್ವರನಗರ
17-1-2008

ಚಿರಂಜೀವಿ ಶಿವಯೋಗಿಗೆ,

ನೀನೂ ನಿಮ್ಮ ತಾಯಿಯೂ ಕ್ಷೇಮವೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಉತ್ತರ ತಡವಾಯಿತು. ಡಿಸೆಂಬರಿನ ಚಳಿಗೆ ನನ್ನ ಸೊಂಟ ಹಿಡಿದುಕೊಂಡಿತ್ತು. ಸೊಂಟ ಬಿಟ್ಟಮೇಲೆ ಅವರೆಕಾಯಿ ಬಂತು. ಹಿದುಕಿದ್ದೇ ಹಿದುಕಿದ್ದು. ಪಕ್ಕದ ಮನೆಯ ಶಿವಕ್ಕ ಅವರೆ ಹಿದುಕಲು ಕೂರುತ್ತಾಳೆ, ಬಾಯಿ ಹಿದುಕಿದಷ್ಟು ಬೆರಳು ಹಿದುಕುವುದಿಲ್ಲ.

ಹಬ್ಬಕ್ಕೆ ಎಳ್ಳು ಬೀರಿದೆವು. ನಿಮ್ಮ ತಾಯಿಗೆಂದು ಸ್ವಲ್ಪ ಎಳ್ಳು-ಬೆಲ್ಲ, ನಾಲ್ಕು ಸಕ್ಕರೆ ಅಚ್ಚು ಕಳಿಸಿದ್ದೇನೆ. ಕೊಬ್ಬರಿ ನಾನೇ ಹೆಚ್ಚಿದ್ದು. ಅಂಗಡಿಯವರ ಹಾಗೆ ಕಡಲೆಯನ್ನೇ ತುಂಬಿಸಿಲ್ಲ. ಅಚ್ಚು ಪುಡಿಯಾಗಿದ್ದರೆ ಬೈಯಬೇಡಿ, ಹಾಲಿಗೆ ಹಾಕಿಕೊಳ್ಳಿ.

ನಿನ್ನ ಕಾಗದದಲ್ಲಿ ಏನೋ ಕೇಳಿದ್ದೆ. ನನ್ನ ಕನ್ನಡಕದ ಕಡ್ಡಿ ಮುರಿದು ರಿಪೇರಿಗೆ ಕೊಟ್ಟಿದ್ದೇನೆ. ನಿನ್ನ ಅಕ್ಷರ ಸಣ್ಣದು, ಪೂರ್ತಿ ಓದಲಾಗಲಿಲ್ಲ.

ಕೆಂಗೇರಿಯಲ್ಲಿ ನೀರು ಸರಿಯಾಗಿ ಬರುತ್ತದೆಯೇ? ಸ್ಟುಡಿಯೋ ಕೆಲಸ ಒಳ್ಳೆಯ ಕೆಲಸ, ಬಿಡಬೇಡ. ತಿಂಗಳಿಗೆ ಸರಿಯಾಗಿ ಕೈಗೆ ಬರುತ್ತದೆ.

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.
ಪಾಪಮ್ಮ


ಕೆಂಗೇರಿ ಉಪನಗರ
22-1-2008

ಪಾಪಮ್ಮಜ್ಜಿಯವರಿಗೆ ಶರಣು ಶರಣಾರ್ಥಿ.

ಎಳ್ಳು-ಬೆಲ್ಲ ಬಂತು. ಅಚ್ಚು ಒಂದೂ ಒಡೆದಿರಲಿಲ್ಲ. ಅವ್ವ ಓಣಿಗೆಲ್ಲ ತೋರಿಸಿ ಬಂದಳು. “ಬೆಂಗಳೂರಾಗ ನಮಗೂ ಒಬ್ಬರು ಎಳ್ಳು ಕೊಡಾವರು ಸಿಕ್ರಲ್ಲೋ” ಎಂದು ಅವಳಿಗೆ ಹಿಗ್ಗು. ಇದರ ಜೊತೆ ಶೇಂಗಾ ಚಟ್ನಿಪುಡಿ ಕಳಿಸಿದ್ದಾಳೆ. ಮೊಸರು ಕಲಸಿಕೊಂಡು ತಿನ್ನಬೇಕಂತೆ.

ನಿಮ್ಮ ಕನ್ನಡಕ ಬಂದಿರಬಹುದು. ಬಂದಿರದಿದ್ದರೆ ಎಂದು ಮುಂದಿನದನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ವೆಬ್‌ಸೈಟಿನವರನ್ನು ವಿಚಾರಿಸಿದೆ. ಬರೆದವರೂ ಬರೆಸಿಕೊಂಡವರೂ ಇಬ್ಬರೂ ಒಪ್ಪಿದರೆ ಸಾಲು ತೆಗೆಯುತ್ತಾರಂತೆ. ಆದರೆ ಜನವರಿ ಮುಗಿಯುವುದರೊಳಗೆ. ಆಮೇಲೆ ಯಾರು ಕೇಳಿದರೂ ತೆಗೆಯುವುದಿಲ್ಲ.

ಇನ್ನೊಂದು ದಾರಿಯೂ ಇತ್ತು. ನಿಮ್ಮ ಮೊದಲ ಪತ್ರವನ್ನು ಅವರಿಗೆ ಕಳಿಸಿದ್ದರೆ ಸಾಕಾಗಿತ್ತು. ಸ್ಟುಡಿಯೋದ ಗೆಳೆಯ ಬಾಳೇಶ ಅದನ್ನೇ ಹೇಳಿದ. ಅವ್ವ ಒಪ್ಪಲಿಲ್ಲ. “ಆಕಿ ಬೈಲಿಕ್ಕೆ ಬರದದ್ದು ಅದು. ಅದನ್ನ ಹಿಡಕೊಂಡು ಮುದುಕಿನ್ನ ಕಟಕಟಿಗೆ ನಿಲ್ಲಸ್ತೀಯೇನು? ಕೇಳು, ಹೇಳ್ತಾಳ” ಎಂದಳು. ಆದ್ದರಿಂದ ಮತ್ತೆ ನಿಮ್ಮನ್ನೇ ಕೇಳುತ್ತಿದ್ದೇನೆ. ಮೋಹನ್ ಅವರಿಗೆ ಒಂದು ಮಾತು ಹೇಳಿರಿ.

ನಿಮ್ಮ,
ಶಿವಯೋಗಿ


ಬಸವೇಶ್ವರನಗರ
18-3-2008

ಶಿವಯೋಗಿಯವರಿಗೆ,

ನೀನು ಎಂದು ಕರೆಯುವ ಸಲಿಗೆ ನನಗಿನ್ನಿಲ್ಲ. ನೀವು ಎಂದೇ ಬರೆಯುತ್ತೇನೆ.

ನನ್ನ ಕನ್ನಡಕ ಮುರಿದಿರಲಿಲ್ಲ. ನಿಮ್ಮ ಸಣ್ಣ ಅಕ್ಷರವೂ ಕಂಡಿತ್ತು, ದೊಡ್ಡದೂ ಕಂಡಿತ್ತು. ಕುಂಕುಮವೇ ಎಂದು ಡಿಸೆಂಬರಿನಲ್ಲಿ ನಿಮ್ಮ ಕಾಗದ ಓದಿದ ಕೂಡಲೇ ಗೊತ್ತಾಯಿತು. ನನ್ನ ಸೆರಗಿನಲ್ಲಿ ಅದರ ಕೆಂಪು ಇನ್ನೂ ಇತ್ತು. ಆದರೆ ಮೋಹನನಿಗೆ ಹೇಳಬೇಕಲ್ಲ. ಅವನು ಬೇಡವೆಂದದ್ದನ್ನು ಮಾಡಿ, ಅವನು ಆ ಜಗಳದಲ್ಲಿ ಊಟ ಬಿಟ್ಟು ಕೂತಾಗ ಪಕ್ಕದಲ್ಲಿ ಕೂತು ನಿಮ್ಮನ್ನು ಬೈದವಳು ನಾನು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡಿದೆ. ಜನವರಿ ಕಳೆಯಿತು. ಕಳೆದ ದಿನ, ನಾಚಿಕೆಯಿಲ್ಲದೆ ಬರೆಯುತ್ತೇನೆ, ಇನ್ನು ಹೇಳಿಯೂ ಪ್ರಯೋಜನವಿಲ್ಲ ಎಂದು ನೆಮ್ಮದಿಯಾಯಿತು. ಆ ನೆಮ್ಮದಿ ಒಂದು ಹೊತ್ತಿನ ಊಟ ಅರಗುವವರೆಗೂ ನಿಲ್ಲಲಿಲ್ಲ.

ನಿಮ್ಮ ತಾಯಿ ಕಳಿಸಿದ ಚಟ್ನಿಪುಡಿಯನ್ನು ನಾನು ಬಾಯಿಗೆ ಹಾಕಲಿಲ್ಲ. ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ಹೋದ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಸೊಸೆ, ಮೋಹನನ ಅಮ್ಮ ಲತಾ ಅದನ್ನು ಹೊರಗೆ ತಂದಳು. “ಇದೇನತ್ತೆ, ಇಷ್ಟು ಘಮ ಅನ್ನೋದನ್ನ ಮೂಲೇಲಿ ಬಚ್ಚಿಟ್ಟಿದೀರ?” ಎಂದು ಮೋಹನನ ತಟ್ಟೆಗೆ ಬಡಿಸಿದಳು. ಅವನು ಮೊಸರಿಗೆ ಕಲಸಿ ತಿಂದ.

“ಸಖತ್ತಾಗಿದೆ ಅಜ್ಜಿ. ಯಾರ್ ಮನೇದು?”

ಸುಳ್ಳು ಹೇಳಬಹುದಿತ್ತು. ಶಿವಕ್ಕನ ಮನೆಯದು ಎಂದರೆ ಮುಗಿಯುತ್ತಿತ್ತು. ನನ್ನ ಬಾಯಿಗೆ ಆ ಹೊತ್ತಿನಲ್ಲಿ ಏನಾಯಿತೋ.

“ಮೋಸಗಾರ ಅಂತ ಬರೆದ್ಯಲ್ಲ, ಅವರಮ್ಮ ಮಾಡಿರೋದು” ಎಂದೆ.

ಲತಾ ಸಾರಿನ ಸೌಟು ಹಿಡಿದುಕೊಂಡು ಅವನ ಮುಖ, ನನ್ನ ಮುಖ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ಒದ್ದೆ ಬಟ್ಟೆ, ಬೊಟ್ಟು, ನಿಮ್ಮ ಎರಡು ಕಾಗದ, ನಾನು ನುಂಗಿಕೊಂಡ ಜನವರಿ. ಅವನು ಕೂಗಾಡುತ್ತಾನೆ, ಬೈಸಿಕೊಂಡು ಹಗುರಾಗೋಣ ಎಂದು ಕಾದೆ. ಅವನು ತಲೆಯೆತ್ತಲಿಲ್ಲ.

“ನಂಗೊತ್ತು ಅಜ್ಜಿ.”

“ಏನೋ ಗೊತ್ತು ನಿಂಗೆ?”

“ವಾಚು ವಾಪಸ್ ಬಂದಿದ್ ದಿನ ಕೋಪದಲ್ಲಿ ಬರೆದ್‌ಬಿಟ್ಟೆ. ಮಾರನೇ ದಿನ ಬಿಚ್ಚಿ ನೋಡ್ದೆ. ಗಾಜಿನ ಅಂಚಲ್ಲೆಲ್ಲ ಕುಂಕುಮ. ಡಬ್ಬದಲ್ಲಿರೋ ಬೇರೆ ವಾಚುಗಳ ಪಟ್ಟೀಲೂ ಇತ್ತು. ನಮ್ಮನೇಲಿ ಇನ್ಯಾರು ಇಡ್ತಾರೆ?”

“ಮತ್ಯಾಕೋ ಸುಮ್ನಿದ್ದೆ, ಪಾಪಿ?”

“ನೀನ್ಯಾಕ್ ಸುಮ್ನಿದ್ದೆ?”

ಶಿವಯೋಗಿಯವರೇ, ಬೀದಿಯ ನಲ್ಲಿಯಿಂದ ಹಿಡಿದು ಕಾರ್ಪೊರೇಷನ್ ಆಫೀಸಿನವರೆಗೆ ನಾನು ಮಾತಿನಲ್ಲಿ ಸೋತವಳಲ್ಲ. ಅವತ್ತು ಆ ಹುಡುಗನಿಗೆ ಸೋತೆ. ಅಷ್ಟು ತಿಂಗಳು ನಾವಿಬ್ಬರೂ ಒಂದೇ ಟೀವಿ ಮುಂದೆ ಕೂತು, ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ ಎಂದುಕೊಂಡು, ಹೊರಗಿನವನೊಬ್ಬನ ಹೆಸರು ಕೊಳೆಯಲು ಬಿಟ್ಟಿದ್ದೆವು.

ಸಾಲು ತೆಗೆಸು ಎಂದೆ. ಇನ್ನು ಆಗುವುದಿಲ್ಲವಂತೆ. ಅದರ ಕೆಳಗೆ ನಾವೊಂದು ಉತ್ತರ ಹಾಕಬಹುದಂತೆ. “ಹಾಕಿದ್ರೆ ನಾನೇ ಸುಳ್ಳ ಅಂತ ಒಪ್ಕೊಂಡಂಗೆ ಅಜ್ಜಿ. ನನ್ ಹತ್ರ ಯಾರ್ ತಗೋತಾರೆ? ಕೆಲ್ಸ ಇಲ್ದೆ ನಾನ್ ಮನೇಲಿ ಕೂತ್ರೆ ನೋಡ್ಕೊಂಡಿರೋಕಾಗತ್ತಾ ನಿಂಗೆ?” ಎಂದು ಕೈ ತೊಳೆದು ಎದ್ದುಹೋದ. ನನಗೆ ಆ ಕಂಪ್ಯೂಟರು ಮುಟ್ಟಲು ಬರುವುದಿಲ್ಲ. ಮುಟ್ಟಲು ಬರದಿದ್ದರೂ ಗಡಿಯಾರ ಮುಟ್ಟಿದ್ದರಿಂದಲೇ ಇಷ್ಟೆಲ್ಲ ಆಯಿತು.

ನನ್ನ ಮೊದಲ ಕಾಗದ ನಿಮ್ಮಲ್ಲೇ ಇದೆ. ಯಾರಿಗೆ ಬೇಕಾದರೂ ತೋರಿಸಿ. ನಿಮ್ಮ ತಾಯಿಗೆ ನಾನು ಹೇಳುವವಳಲ್ಲ ಎಂದು ತಿಳಿಸಿ. ಕೇಳಿದರೆ ಹೇಳುತ್ತಾಳೆ ಎಂದುಕೊಂಡಿದ್ದರಲ್ಲ.

ತಲೆ ತಗ್ಗಿಸಿರುವ,
ಪಾಪಮ್ಮ


ಕೆಂಗೇರಿ ಉಪನಗರ
25-3-2008

ಪಾಪಮ್ಮನವರಿಗೆ,

ಪುಣೆಯವರು ತಮ್ಮ ಕೆಲಸವನ್ನು ಧಾರವಾಡದ ಇನ್ನೊಬ್ಬರಿಗೆ ವಹಿಸಿದ್ದಾರೆ. ನಿಮ್ಮ ಮೊದಲ ಪತ್ರವನ್ನು ಈಗ ತೋರಿಸಿದರೂ ಕೇಳುವವರಿಲ್ಲ. ನಾನು ಮಾರಲು ಹಾಕಿದ್ದನ್ನು ಎರಡು ತಿಂಗಳಿಂದ ಯಾರೂ ಕೊಂಡಿಲ್ಲ.

ಕುಂಕುಮ ಇಟ್ಟದ್ದಕ್ಕೆ ಸಿಟ್ಟಿಲ್ಲ. ನಮ್ಮ ಅವ್ವನೂ ಸ್ಟುಡಿಯೋದ ಕ್ಯಾಮೆರಾಕ್ಕೆ ಇಡಲು ಹೋಗಿ ಮಾಲೀಕರಿಂದ ಬೈಸಿಕೊಂಡಿದ್ದಾಳೆ. ನನಗೆ ಒಂದೇ ಒಂದು ವಿಷಯ ತಿಳಿಯಬೇಕು. ಜನವರಿಯಲ್ಲಿ ನಾನು ಬರೆದ ಪತ್ರ ನಿಮ್ಮ ಕೈಗೆ ಯಾವಾಗ ಬಂತು?

ಶಿವಯೋಗಿ


ಬಸವೇಶ್ವರನಗರ
12-4-2008

ಶಿವಯೋಗಿಯವರಿಗೆ,

ಜನವರಿಯ ನಿಮ್ಮ ಕಾಗದ ಇಪ್ಪತ್ತನಾಲ್ಕನೇ ತಾರೀಖು ಬಂತು. ಪೋಸ್ಟಿನವನು ನನ್ನ ಕೈಗೇ ಕೊಟ್ಟ. ಅವತ್ತೇ ಓದಿದೆ. ತಡವಾಗಿ ಬಂತು ಎಂದು ಬರೆದಿದ್ದರೆ ನೀವು ನಂಬುತ್ತಿದ್ದಿರೇನೋ. ಅದಕ್ಕೇ ಇದನ್ನು ಮೊದಲು ಬರೆದೆ.

ನಿಮ್ಮ ಕಾಗದವನ್ನು ನಾನು ಮೋಹನನ ಮುಂದಿಟ್ಟೆ. ಊಟದ ದಿನದಿಂದ ಅವನು ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿರಲಿಲ್ಲ. ಓದಿದ.

“ಜನವರಿದು ಯಾವಾಗ್ ಬಂದಿತ್ತಜ್ಜಿ?”

“ಇಪ್ಪತ್ನಾಲ್ಕಕ್ಕೆ. ಪೂರ್ತಿ ಒಂದ್ ವಾರ ಟೈಮಿತ್ತು ನಂಗೆ.”

“ನಂಗೆ ನವೆಂಬರಿಂದ ಇತ್ತು” ಎಂದ.

ಅಷ್ಟೇ ಅಂದದ್ದು. ಯುಗಾದಿಯ ಹೊತ್ತಿಗೆ ಅವನೇ ಬಂದು, “ಬಾ ಅಜ್ಜಿ, ಏನ್ ಬರೀಬೇಕು ಹೇಳು” ಎಂದು ಕಂಪ್ಯೂಟರಿನ ಪಕ್ಕ ಸ್ಟೂಲು ಹಾಕಿದ. ನಾನು ಹೇಳಲು ಶುರು ಮಾಡಿದೆ. ಆಯುಧಪೂಜೆ ದಿನ ಇಂಥಾ ಹೊತ್ತಿನಲ್ಲಿ, ಹಿಂದಿನಿಂದ ನಡೆದು ಬಂದ ಪದ್ಧತಿಯಂತೆ, ಹೆಚ್ಚು ಓದದ ಮುದುಕಿ ತಿಳಿಯದೆ ಎಂದು ಇನ್ನೂ ಅರ್ಧ ಹೇಳಿಲ್ಲ, “ಅಜ್ಜಿ, ಇಷ್ಟೆಲ್ಲ ಹಿಡಿಯಲ್ಲ. ಒಂದೂವರೆ ಸಾಲು ಅಷ್ಟೇ ಬಿಡ್ತಾರೆ” ಎಂದ.

“ಹಬ್ಬ ತೆಗಿ” ಎಂದೆ. ತೆಗೆದ. ಇನ್ನೂ ಜಾಸ್ತಿಯಾಯಿತು. “ಪದ್ಧತಿ ತೆಗಿ.” ತೆಗೆದ. “ಮುದುಕೀನೂ ತೆಗೀಲಾ?” ಎಂದು ಕೇಳಿದ. ತೆಗೆ ಎಂದೆ. “ತಿಳಿಯದೆ” ಎನ್ನುವುದೊಂದನ್ನು ಉಳಿಸಿಕೊಳ್ಳೋಣ ಎಂದು ಆಸೆಯಿತ್ತು. ಕುಂಕುಮ ಇಟ್ಟಾಗ ನಿಜವಾಗಿಯೂ ತಿಳಿದಿರಲಿಲ್ಲ. ಆದರೆ ನಾವು ಕೂತು ಬರೆಯುತ್ತಿದ್ದದ್ದು ಕುಂಕುಮದ ಕಥೆಯಲ್ಲವಲ್ಲ. ಅದನ್ನೂ ತೆಗೆಸಿದೆ. ಕೊನೆಗೆ ಉಳಿದದ್ದು ಇಷ್ಟು, ಇಂಗ್ಲಿಷ್ ಅಕ್ಷರದಲ್ಲಿ, ನಮ್ಮ ಮಾತಿನಲ್ಲಿ:

“ತಪ್ಪು ನಮ್ಮ ಮನೆಯದು. ಗೊತ್ತಿದ್ದೂ ಹೇಳಲಿಲ್ಲ. ಶಿವಯೋಗಿ ಮೋಸ ಮಾಡಿಲ್ಲ.”

ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತ. ನಾನು ಒತ್ತು ಎನ್ನಲಿಲ್ಲ. ಅವನ ಅನ್ನದ ಮಾತು ಅದು, ನಾನು ಒತ್ತಿಸಬಾರದು. ಅವನೇ ಒತ್ತಿದ. ಈಗ ಗಿರಾಕಿಗಳು ಅವನನ್ನು ಒಂದೊಂದಕ್ಕೂ ಹತ್ತು ಪ್ರಶ್ನೆ ಕೇಳುತ್ತಿದ್ದಾರೆ. ಕೇಳಲಿ. ಮಹಾಲಕ್ಷ್ಮಿ ಲೇಔಟಿನ ಒಂದು ಮೊಬೈಲು ಅಂಗಡಿಯಲ್ಲಿ ಕೆಲಸಕ್ಕೆ ವಿಚಾರಿಸಿ ಬಂದಿದ್ದಾನೆ.

ಪುಣೆಯವರ ವಿಳಾಸ ಕೊಟ್ಟರೆ ಅವರಿಗೂ ಬರೆಯುತ್ತೇನೆ. ಕೊಡಲು ಮನಸ್ಸಿಲ್ಲದಿದ್ದರೆ ಬೇಡ.

ನಿನ್ನೆ ಮೋಹನ ನಿಮ್ಮ ಹೆಸರಿನ ಪುಟ ತೆಗೆದು ನನಗೆ ತೋರಿಸಿದ. ಕೆಂಪು ಗುರುತು, ಪಕ್ಕದಲ್ಲಿ “ಮೋಸಗಾರ” ಎನ್ನುವ ಸಾಲು, ದಪ್ಪಗೆ. ನಮ್ಮದು ಅದರ ಕೆಳಗೆ, ಸಣ್ಣ ಅಕ್ಷರದಲ್ಲಿದೆ. ನಾನು ಕನ್ನಡಕ ಹಾಕಿಕೊಂಡು ಬಗ್ಗಿ ಹುಡುಕಬೇಕಾಯಿತು. ನಿಮ್ಮ ಹತ್ತಿರ ಕೊಳ್ಳಲು ಬಂದವರೆಲ್ಲ ಮೊದಲು ಮೇಲಿನದನ್ನೇ ಓದುತ್ತಾರೆ. ಎಷ್ಟು ಜನ ಕೆಳಗಿನದರವರೆಗೆ ಬರುತ್ತಾರೋ, ನನಗೆ ಗೊತ್ತಿಲ್ಲ.

ಪಾಪಮ್ಮ